ಗುಡ್ಡದ ಓಟ ನಡೆಸೋಕೆ ನಮ್ಮವರೇ ಸಾಕಾ, ಕಂಪನಿಗೆ ಕೊಡಬೇಕಾ?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಬೆಳಗ್ಗೆ ಓಡುವವರ ಗುಂಪೊಂದಿದೆ, 45 ಜನ. ಮೇಷ್ಟ್ರುಗಳು, ಬ್ಯಾಂಕಿನವರು, ಅಡಿಕೆ ತೋಟದವರು, ಕಾಲೇಜು ಹುಡುಗ ಹುಡುಗಿಯರು, ಇಬ್ಬರು ಡಾಕ್ಟರು. ಮೂರು ವರ್ಷದಿಂದ ಡಿಸೆಂಬರಿನಲ್ಲಿ ಗುಡ್ಡದ ಓಟ ಮಾಡುತ್ತಿದ್ದೇವೆ, 10 ಮತ್ತು 21 ಕಿ.ಮೀ. ಮೊದಲ ವರ್ಷ 90 ಜನ ಬಂದರು, ಆಮೇಲೆ 160, ಹೋದ ವರ್ಷ 280. ಎಲ್ಲ ಕೆಲಸವೂ ನಮ್ಮದೇ. ಹೋದ ವರ್ಷ ಮೂವರು ದಾರಿ ತಪ್ಪಿ ಕಾಫಿ ತೋಟದೊಳಗೆ ಹೋದರು. ಕೊನೆಗೆ ಬಂದವರಿಗೆ ತಿಂಡಿ ಮುಗಿದಿತ್ತು. ಒಬ್ಬರು ಫಿನಿಶ್ ಲೈನ್ ದಾಟಿ ಕುಸಿದು ಬಿದ್ದಾಗ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ಅವರು ಸುಧಾರಿಸಿಕೊಂಡರು. ಈ ಸಲ 600 ಜನ ಬರುವ ಹಾಗಿದೆ. ಬೆಂಗಳೂರಿನ ಒಂದು ಈವೆಂಟ್ ಕಂಪನಿ 7.5 ಲಕ್ಷಕ್ಕೆ ಎಲ್ಲ ನೋಡಿಕೊಳ್ಳುತ್ತೇವೆ ಅನ್ನುತ್ತಿದೆ. ಅದಕ್ಕೆ ಪ್ರವೇಶ ಶುಲ್ಕ 600 ರೂಪಾಯಿಯಿಂದ 1,500ಕ್ಕೆ ಏರಿಸಬೇಕು. ಹಿರಿಯರು "ಊರಿನ ಓಟ ಮಾರಬಾರದು" ಅನ್ನುತ್ತಾರೆ. ಚಿಕ್ಕವರು "ಮೂರು ವರ್ಷ ಬಾಳೆಹಣ್ಣು ಹೊತ್ತಿದ್ದೇ ಆಯ್ತು, ನಮ್ಮ ಓಟದಲ್ಲಿ ನಾವು ಒಂದು ಸಲವೂ ಓಡಿಲ್ಲ" ಅನ್ನುತ್ತಾರೆ. ನಾನು ಕಾರ್ಯದರ್ಶಿ. ಎರಡೂ ಕಡೆಯವರು ನನ್ನ ಸ್ನೇಹಿತರೇ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ನಾನು ಮೂರು ಸಲ ಓದಿದೆ. ಒಬ್ಬರು ಕುಸಿದು ಬಿದ್ದರು, ಯಾರಿಗೂ ಏನೂ ಗೊತ್ತಾಗಲಿಲ್ಲ ಅನ್ನುವ ಸಾಲು. ಅದನ್ನು ನೀವು ತಿಂಡಿ ಮುಗಿದ ವಿಷಯದ ಪಕ್ಕದಲ್ಲೇ ಬರೆದಿದ್ದೀರಿ. ತಿಂಡಿ ಕಡಿಮೆಯಾದರೆ ನಾಲ್ಕು ಜನ ಬೈದುಕೊಂಡು ಮನೆಗೆ ಹೋಗುತ್ತಾರೆ. ಕುಸಿದವರನ್ನು ನೋಡಿಕೊಳ್ಳಲು ಆಗದಿದ್ದರೆ ಒಬ್ಬರು ಮನೆಗೆ ಹೋಗುವುದೇ ಇಲ್ಲ. ಯಾವ ಕೆಲಸಕ್ಕೆ ದುಡ್ಡು ಕೊಟ್ಟು ಜನ ಕರೆಸಬೇಕು, ಯಾವುದನ್ನು ನೀವೇ ಇಟ್ಟುಕೊಳ್ಳಬೇಕು ಅನ್ನುವುದನ್ನು ನಾನು ಇದರ ಮೇಲೇ ತೀರ್ಮಾನಿಸುತ್ತೇನೆ. ಆ ಕೆಲಸ ಕೆಟ್ಟರೆ ಏನಾಗುತ್ತದೆ? ಅದನ್ನು ಮೊದಲು ಕೇಳಿಕೊಳ್ಳಿ. ಎಷ್ಟು ಉಳಿಯುತ್ತದೆ ಅನ್ನುವುದು ಆಮೇಲಿನ ಮಾತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಓಟ ನಡೆಸಿಕೊಡಲು ದುಡ್ಡು ತೆಗೆದುಕೊಳ್ಳುವ ಮನುಷ್ಯ. ಆದರೆ ಈ ಕೆಲಸಕ್ಕೆ ಬಂದದ್ದು ವಾಲಂಟಿಯರ್ ಆಗಿ, ಒಂದು ಕವಲು ದಾರಿಯಲ್ಲಿ ಬಾವುಟ ಹಿಡಿದು ನಿಂತುಕೊಂಡು. ಎರಡೂ ಕಡೆಯ ಒಳ್ಳೆಯದು ಕೆಟ್ಟದ್ದು ಕಣ್ಣಾರೆ ಕಂಡಿದ್ದೇನೆ. ಆ ಲೆಕ್ಕದಲ್ಲೇ ಓದಿ.

ದುಡ್ಡು ಕೊಟ್ಟರೆ ಸುರಕ್ಷಿತ ಅನ್ನುವ ನಂಬಿಕೆ

ಕಂಪನಿಗೆ ಕೊಟ್ಟರೆ ನಿಶ್ಚಿಂತೆ ಅಂತ ನಿಮ್ಮ ಚಿಕ್ಕವರು ಅಂದುಕೊಂಡಿದ್ದರೆ ಅವರಿಗೆ ಚೀನಾದ ಗಾನ್ಸು ಪ್ರಾಂತ್ಯದ ಕಥೆ ಹೇಳಿ. 2021ರ ಮೇ 22ರಂದು ಅಲ್ಲಿನ ಹಳದಿ ನದಿಯ ಶಿಲಾವನದಲ್ಲಿ 100 ಕಿ.ಮೀ. ಗುಡ್ಡದ ಓಟ ಇತ್ತು. ಓಡಿದವರು 172 ಜನ. ನಡೆಸುವ ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸಿದ್ದರು. ಹೊಸ ಓಟವೇನೂ ಅಲ್ಲ, ಹಿಂದಿನ ವರ್ಷಗಳಲ್ಲೂ ನಡೆದಿತ್ತು. ಆ ದಿನ ಗುಡ್ಡದ ಮೇಲೆ ತಟ್ಟನೆ ಗಾಳಿ, ಮಳೆ, ಆಲಿಕಲ್ಲು ಶುರುವಾಯಿತು. ಹೆಚ್ಚಿನವರು ತೆಳು ಬನಿಯನ್ನು, ಚಡ್ಡಿಯಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಇಟ್ಟುಕೊಳ್ಳಲೇಬೇಕು ಅನ್ನುವ ನಿಯಮ ಇರಲಿಲ್ಲ. ಅತಿ ಕಡಿದಾದ ಏರಿನಲ್ಲಿ ನೀರು, ಊಟ, ಬೆಚ್ಚಗಿನ ಜಾಗ ಒಂದೂ ಇರಲಿಲ್ಲ. 21 ಜನ ಚಳಿಗೆ ಸತ್ತರು. ಹವಾಮಾನದ ಎಚ್ಚರಿಕೆ ಮೊದಲೇ ಬಂದಿತ್ತು, ಓಟ ನಡೆಸಿದವರು ಅದರ ಪ್ರಕಾರ ನಡೆದುಕೊಳ್ಳಲಿಲ್ಲ ಅಂತ ತನಿಖೆ ಹೇಳಿತು. ಆರು ಜನರನ್ನು ಉಳಿಸಿದ್ದು ಝು ಕೆಮಿಂಗ್ ಅನ್ನುವ ಒಬ್ಬ ಕುರಿಗಾಹಿ. ಮಳೆ ಬಂತೆಂದು ಗುಹೆಯೊಳಗೆ ಕೂತಿದ್ದವರು ಹೊರಗೆ ಬಂದು, ಓಟಗಾರರನ್ನು ಒಳಗೆ ಕರೆದುಕೊಂಡು ಬೆಂಕಿ ಹಾಕಿದರು. ಆ ಗುಡ್ಡ ಅವರಿಗೆ ಗೊತ್ತಿತ್ತು, ಅಷ್ಟೇ.

ನಿಮ್ಮ ಗುಡ್ಡದಲ್ಲಿ ಆಲಿಕಲ್ಲಿನ ಭಯ ಕಡಿಮೆ. ಆದರೆ ಹೆಜ್ಜೇನು ಇದೆ. ಕೆಲವು ಕಡೆ ಆನೆ ಇದೆ. ಬೆಳಗಿನ ಮಂಜಿನಲ್ಲಿ ಹತ್ತಡಿ ಮುಂದಿನ ಕವಲು ಕಾಣುವುದಿಲ್ಲ. ಯಾವ ಮರದಲ್ಲಿ ಈ ವರ್ಷ ಹೆಜ್ಜೇನು ಕಟ್ಟಿದೆ ಅನ್ನುವುದು ಬೆಂಗಳೂರಿನಿಂದ ಹಿಂದಿನ ರಾತ್ರಿ ಟೆಂಪೋದಲ್ಲಿ ಬಂದಿಳಿಯುವ ಹುಡುಗರಿಗೆ ಹೇಗೆ ಗೊತ್ತಾಗಬೇಕು?

ಅಂಥದ್ದೊಂದು ಓಟದಲ್ಲಿ ನಾನು ಓಡಿದ್ದೇನೆ. ವಾಟರ್ ಪಾಯಿಂಟಿನಲ್ಲಿ ನಿಂತಿದ್ದ ಹುಡುಗ ದಿನಗೂಲಿಗೆ ಬಂದವನು. "ದಾರಿ ಯಾವ ಕಡೆ?" ಅಂದೆ. ಅವನು ಪಾಪ, ಡಾಂಬರು ರಸ್ತೆ ತೋರಿಸಿದ. ಎಡಗಡೆಯ ಕಾಲುದಾರಿಗೆ ಇಳಿಯಬೇಕಿತ್ತು. ಅವನ ತಪ್ಪಿಲ್ಲ. ನೀರು ಕೊಡು ಅಂದಿದ್ದರು, ಕೊಡುತ್ತಿದ್ದ. ಆ ದಾರಿಯಲ್ಲಿ ಅವನು ಒಂದು ಸಲವೂ ನಡೆದಿರಲಿಲ್ಲ.

ನಮ್ಮವರು ಅಂದರೆ ಖರ್ಚಿಲ್ಲ ಅನ್ನುವ ನಂಬಿಕೆ

ಇನ್ನು ಹಿರಿಯರ ಮಾತಿಗೆ ಬರೋಣ. ಅವರ ಪ್ರೀತಿ ನಿಜ. ಆದರೆ ಅವರ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಇದೆ.

ಎಷ್ಟು ಜನ ಬೇಕು ಅಂತ ಬರೆದು ನೋಡಿ. ನಿಮ್ಮ ದಾರಿ ನಾನು ನೋಡಿಲ್ಲ, ಆದ್ದರಿಂದ ಅಂದಾಜಿಗೆ ಹೇಳುತ್ತೇನೆ. 21 ಕಿ.ಮೀ.ಯಲ್ಲಿ ಜನ ತಪ್ಪಿಹೋಗುವಂಥ ಕವಲು 14 ಇವೆ ಅಂದುಕೊಳ್ಳೋಣ. ಒಂದೊಂದು ಕಡೆ ಇಬ್ಬರು. ಒಬ್ಬರೇ ಇದ್ದರೆ ಮೂತ್ರಕ್ಕೆ ಹೋದಾಗ ಕವಲು ಖಾಲಿ. ಅಲ್ಲಿಗೆ 28 ಜನ. ನಾಲ್ಕು ವಾಟರ್ ಪಾಯಿಂಟಿಗೆ ನಾಲ್ಕು ನಾಲ್ಕು ಜನ, 16. ಕೊನೆಯ ಓಟಗಾರರ ಹಿಂದೆ ಬರುವ ಸ್ವೀಪರುಗಳು ಎರಡೂ ದೂರಕ್ಕೆ ಸೇರಿ 4. ಶುರು, ಮುಕ್ತಾಯ, ಬಿಬ್ (ಓಟಗಾರರು ಎದೆಗೆ ಹಾಕಿಕೊಳ್ಳುವ ನಂಬರಿನ ಚೀಟಿ) ಹಂಚುವುದು, ಸಾಮಾನು ಇಡುವುದು, ಪಾರ್ಕಿಂಗು, ತಿಂಡಿ, ಇವಕ್ಕೆಲ್ಲ ಸೇರಿ 12. ಒಟ್ಟು 60. ನೀವಿರುವುದು 45. ಒಬ್ಬರೂ ಓಡದೆ ಎಲ್ಲರೂ ಕೆಲಸಕ್ಕೆ ನಿಂತರೂ 15 ಜನ ಕಡಿಮೆ. ನಿಮ್ಮ ಚಿಕ್ಕವರ ಸಿಟ್ಟು ಇದೇ ಲೆಕ್ಕದಿಂದ ಹುಟ್ಟಿದ್ದು. ಅದನ್ನು ಸೋಮಾರಿತನ ಅಂತ ದಯವಿಟ್ಟು ಯಾರೂ ಕರೆಯಬೇಡಿ.

ಡಿಸೆಂಬರು ಬೇರೆ. ನಿಮ್ಮ ಕಡೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು ಜೋರಾಗಿ ನಡೆಯುವ ಕಾಲ. ಕಾಫಿ ಹಣ್ಣೂ ಆಗಲೇ. ತೋಟದವರು ಮನಸ್ಸಿದ್ದರೂ ಬರಲಾರರು. ಬರುತ್ತೇನೆ ಅಂದವರು ಹಿಂದಿನ ರಾತ್ರಿ ಫೋನು ಮಾಡಿ ಇಲ್ಲ ಅನ್ನುವುದಕ್ಕೆ ಇದೇ ಕಾರಣ ಇರಬಹುದು, ಅಲ್ವಾ? ಫೆಬ್ರವರಿಯ ಮೊದಲ ವಾರಗಳಿಗೆ ಹಾಕಿದರೆ ಏನಾಗುತ್ತದೆ, ಗುಂಪಿನಲ್ಲಿ ಕೇಳಿ. ಮಂಜು ಕಡಿಮೆ, ಕೈ ಜಾಸ್ತಿ. ಬಿಸಿಲು ಮಾತ್ರ ಬೇಗ ಏರುತ್ತದೆ, ಅದನ್ನು ನೋಡಿಕೊಳ್ಳಬೇಕು. ಬೆಂಕಿಯ ಕಾಲ ಶುರುವಾಗುವುದರಿಂದ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಬೇಕು.

ವಾಲಂಟಿಯರ್ ಕೆಲಸಕ್ಕೆ ಖರ್ಚಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರ ಖರ್ಚು ಬೇರೆ ಕಡೆ ಬೀಳುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಯ್ಯಾಳು ಅಂದರೆ ಏನು? ಇವತ್ತು ನಿಮ್ಮ ಗದ್ದೆಗೆ ನಾನು ಬಂದೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಯಾರೂ ಚೀಟಿ ಬರೆಯುವುದಿಲ್ಲ, ಆದರೆ ಎಲ್ಲರಿಗೂ ನೆನಪಿರುತ್ತದೆ. ಮೂರು ವರ್ಷ ನಿಮ್ಮ ಹುಡುಗರು ಬಂದಿದ್ದಾರೆ. ಮುಯ್ಯಿ ತೀರಿಸಿಲ್ಲ ನೀವು.

ಹಾಗಾದರೆ ಅವರಿಗೆ ಕೈಗೆ 300 ರೂಪಾಯಿ ಕವರು ಕೊಟ್ಟುಬಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಇಸ್ರೇಲಿನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಯಿತು. 180 ಹೈಸ್ಕೂಲು ಮಕ್ಕಳನ್ನು ಮನೆಮನೆಗೆ ಹೋಗಿ ಚಂದಾ ಎತ್ತಲು ಕಳಿಸಿದರು. ಒಂದು ಗುಂಪಿಗೆ ಏನೂ ಕೊಡಲಿಲ್ಲ. ಒಂದು ಗುಂಪಿಗೆ ಎತ್ತಿದ ಹಣದ ಶೇ. 1ರಷ್ಟು, ಇನ್ನೊಂದಕ್ಕೆ ಶೇ. 10ರಷ್ಟು ಕೊಡುತ್ತೇವೆ ಅಂದರು. ಹೆಚ್ಚು ಎತ್ತಿದ್ದು ಏನೂ ಸಿಗದ ಗುಂಪು. ತೀರ ಕಡಿಮೆ ಎತ್ತಿದ್ದು ಶೇ. 1ರವರು. ಸ್ನೇಹಕ್ಕೆ ಬಂದವನ ಕೈಗೆ ಚಿಲ್ಲರೆ ಇಟ್ಟರೆ ಅವನು ತನ್ನ ಬೆಳಗ್ಗೆಗೆ ಬೆಲೆ ಕಟ್ಟಲು ಶುರುಮಾಡುತ್ತಾನೆ. ಆ ಬೆಲೆ ನಮಗೆ ಕೊಡಲಾಗದು.

ಆದರೆ ಗುಡ್ಡದ ಪಕ್ಕದ ಹಳ್ಳಿಯವರ ವಿಷಯ ಬೇರೆ. ಅವರು ಆ ದಿನದ ಕೂಲಿ ಬಿಟ್ಟು ಬರುತ್ತಾರೆ. ಓಟ ಅವರ ಹವ್ಯಾಸವಲ್ಲ. ಅವರಿಗೆ ಪೂರ್ತಿ ಕೂಲಿ ಕೊಡಿ, ಸಾಧ್ಯವಾದರೆ ಸ್ವಲ್ಪ ಜಾಸ್ತಿಯೇ. "ಊರ ಕೆಲಸ, ಸುಮ್ನೆ ಬನ್ನಿ" ಅಂತ ಅವರಿಗೆ ಹೇಳುವುದು ನ್ಯಾಯವಲ್ಲ.

ಮಾರಾಟ ಅಂದರೆ ಯಾವುದು

ನಿಮ್ಮ ಹಿರಿಯರಲ್ಲಿ ಯಾರಾದರೂ ಹವ್ಯಾಸಿ ಯಕ್ಷಗಾನ ಸಂಘದಲ್ಲಿದ್ದರೆ ಅವರನ್ನೇ ಕೇಳಿ. ವೇಷ ಹಾಕುವವರು ಮೇಷ್ಟ್ರು, ಅಂಗಡಿಯವರು, ಪೋಸ್ಟಾಫೀಸಿನವರು. ಆದರೆ ಭಾಗವತರು ಎಲ್ಲಿಂದ ಬರುತ್ತಾರೆ? ಚೆಂಡೆ, ಮದ್ದಳೆಯವರು? ಅನೇಕ ಸಂಘಗಳು ಹಿಮ್ಮೇಳವನ್ನು ದುಡ್ಡು ಕೊಟ್ಟು ಕರೆಸುತ್ತವೆ. ವೇಷಭೂಷಣವನ್ನು ಬಾಡಿಗೆಗೆ ತರಿಸುತ್ತವೆ. ಬಣ್ಣ ಹಚ್ಚಲು, ಕಿರೀಟ ಕಟ್ಟಲು ಅದರವರೇ ಬರುತ್ತಾರೆ. ಇದರಿಂದ ಆಟವನ್ನು ಮಾರಿಕೊಂಡರು ಅಂತ ಊರಿನಲ್ಲಿ ಯಾರೂ ಅನ್ನುವುದಿಲ್ಲ. ಭಾಗವತರು ತಪ್ಪಿದರೆ ಇಡೀ ಆಟ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆದ್ದರಿಂದ ಅಲ್ಲಿ ಪಳಗಿದವರೇ ಬೇಕು.

ಓಟದಲ್ಲಿ ಭಾಗವತರ ಜಾಗ ವೈದ್ಯಕೀಯ ತಂಡದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿನಿಶ್ ಲೈನ್ ದಾಟಿದ ಕೂಡಲೇ ಕುಸಿಯುವವರಲ್ಲಿ ಹೆಚ್ಚಿನವರಿಗೆ ದೊಡ್ಡ ತೊಂದರೆ ಇರುವುದಿಲ್ಲ. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆ ಸುತ್ತುತ್ತದೆ. ಮಲಗಿಸಿ ಕಾಲು ಎತ್ತಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಾರೆ. ಹೋದ ವರ್ಷ ನಿಮ್ಮಲ್ಲಿ ಆದದ್ದು ಬಹುಶಃ ಇದೇ. ಆದರೆ ಓಡುತ್ತಿರುವಾಗಲೇ, ಗೆರೆ ಮುಟ್ಟುವ ಮೊದಲೇ ಬಿದ್ದವರನ್ನು ಹಗುರವಾಗಿ ನೋಡಬಾರದು. ಅದು ಹೃದಯ ನಿಂತದ್ದಿರಬಹುದು. ಹಾಗಾಗಿದ್ದರೆ ಎದೆ ಒತ್ತದೆ, ಶಾಕ್ ಕೊಡುವ ಎಇಡಿ ಯಂತ್ರ ಬಳಸದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಮೈ ಸುಡುವಷ್ಟು ಬಿಸಿಯಾಗಿ, ಮಾತು ತೊದಲುತ್ತಿದ್ದರೆ ಅದು ಉಷ್ಣಾಘಾತ. ಮಲೆನಾಡಿನ ತಂಪಿನಲ್ಲೂ ಗುಡ್ಡ ಹತ್ತುವವರಿಗೆ ಅದು ಬರಬಹುದು. ಆಗ ಮೊದಲು ಐಸ್ ನೀರಿನಲ್ಲಿ ಮೈ ತಣಿಸಬೇಕು, ಆಮೇಲೆ ಆಸ್ಪತ್ರೆ. ಗಾಡಿಗೆ ಹತ್ತಿಸಿ ಓಡಿಸುವ ಗಡಿಬಿಡಿಯಲ್ಲಿ ಮೊದಲ ಅರ್ಧ ಗಂಟೆ ಹೋಗಿಬಿಟ್ಟರೆ ಕಷ್ಟ.

ಇನ್ನೊಂದು ಇದೆ, ಅದು ಒಳ್ಳೆಯ ಮನಸ್ಸಿನಿಂದಲೇ ಬರುವ ಅಪಾಯ. ನಮ್ಮ ವಾಟರ್ ಪಾಯಿಂಟಿನವರು "ಇನ್ನೊಂದು ಲೋಟ ಕುಡೀರಿ, ಪಾಪ ಸುಸ್ತಾಗಿದೀರಿ" ಅಂತ ಒತ್ತಾಯ ಮಾಡುತ್ತಾರೆ, ಮನೆಗೆ ಬಂದ ನೆಂಟರಿಗೆ ಮಾಡುವ ಹಾಗೆ. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಇದೂ ಸುಸ್ತಿನ ಹಾಗೇ ಕಾಣುತ್ತದೆ. ಇವರಿಗೆ ಮತ್ತೆ ನೀರು ಕುಡಿಸಿದರೆ ಪ್ರಾಣಕ್ಕೇ ಕುತ್ತು. ಯಾವುದು ಯಾವುದು ಅಂತ ಗುರುತಿಸಲು ಪಳಗಿದ ಕಣ್ಣು ಬೇಕು.

ನಿಮ್ಮಲ್ಲಿ ಇಬ್ಬರು ಡಾಕ್ಟರು ಇದ್ದಾರೆ, ಸರಿ. ಅವರು ಯಾವ ವಿಭಾಗದವರು? ತುರ್ತು ಚಿಕಿತ್ಸೆ ಮಾಡಿ ಎಷ್ಟು ವರ್ಷವಾಯಿತು? ಆ ದಿನ ಅವರೂ ಓಡುತ್ತಾರಾ? ಜಿಲ್ಲೆಯ ಒಂದು ಆಸ್ಪತ್ರೆಯಿಂದ ತುರ್ತು ಚಿಕಿತ್ಸೆಯ ಅನುಭವ ಇರುವ ಡಾಕ್ಟರು, ಇಬ್ಬರು ನರ್ಸು, ಎರಡು ಆಂಬುಲೆನ್ಸು, ಒಂದು ಎಇಡಿ, ಇಷ್ಟನ್ನು ದುಡ್ಡು ಕೊಟ್ಟೇ ಗೊತ್ತುಮಾಡಿ. ನಿಮ್ಮ ಡಾಕ್ಟರುಗಳು ಅವರ ಜೊತೆ ಮಾತಾಡಿ ಏರ್ಪಾಡು ಮಾಡಲಿ. 108 ಇದೆಯಲ್ಲ ಅನ್ನಬೇಡಿ. ಅದು ಇಡೀ ತಾಲ್ಲೂಕಿನ ಹೆರಿಗೆಗೆ, ಅಪಘಾತಕ್ಕೆ ಇರುವ ಗಾಡಿ. ನಿಮ್ಮ ಓಟದ ದಿನ ಅದು ಇನ್ನೆಲ್ಲೋ ಇರಬಹುದು, ಇರಲೂಬೇಕು.

ದುಡ್ಡು ಕೊಟ್ಟು ಮಾಡಿಸಬೇಕಾದ ಬೇರೆ ಕೆಲಸಗಳು ಬೇಗ ಹೇಳಿ ಮುಗಿಸುತ್ತೇನೆ. 600 ಜನರ ಸಮಯ ಅಳೆಯಲು ಚಿಪ್ ಇರುವ ಬಿಬ್ ಮತ್ತು ಅದರ ತಂಡ. 280ಕ್ಕೆ ಸ್ಟಾಪ್‌ವಾಚು, ಪುಸ್ತಕ ನಡೆಯುತ್ತದೆ, 600ಕ್ಕೆ ಜಗಳ ಖಂಡಿತ. ಬಯೋ ಟಾಯ್ಲೆಟ್ಟು. ಓಡುವವರಿಗೂ ಕೆಲಸಕ್ಕೆ ನಿಂತವರಿಗೂ ಸೇರಿ ವಿಮೆ. ಲೆಕ್ಕಪತ್ರ ನೋಡಲು ಒಬ್ಬ ಆಡಿಟರು. ಇಷ್ಟೇ.

ನೀವೇ ಇಟ್ಟುಕೊಳ್ಳಬೇಕಾದ್ದು

ದಾರಿ ಗುರುತು ಹಾಕುವುದು, ಕವಲಿನಲ್ಲಿ ನಿಲ್ಲುವುದು, ಕೊನೆಯವರ ಹಿಂದೆ ಬರುವುದು, ತಿಂಡಿ. ಈ ನಾಲ್ಕನ್ನು ಯಾರಿಗೂ ಕೊಡಬೇಡಿ.

ಮದುವೆ ಮನೆಯಲ್ಲಿ ಅಡುಗೆಗೆ ಭಟ್ಟರು ಇರುತ್ತಾರೆ. ಆದರೆ ಕೊನೆಯ ಪಂಕ್ತಿಗೆ ಪಾಯಸ ಉಳಿದಿದೆಯಾ ಅಂತ ಹೋಗಿ ಪಾತ್ರೆ ಇಣುಕಿ ನೋಡುವವರು ಮನೆಯವರು. ಓಟದಲ್ಲೂ ಹಾಗೇ. ಮೊದಲ ಹತ್ತು ಜನಕ್ಕೆ ಎಲ್ಲ ಸಿಗುತ್ತದೆ, ಫೋಟೋನೂ ಸಿಗುತ್ತದೆ. ವಾಲಂಟಿಯರುಗಳ ಓಟ ಸಾಮಾನ್ಯವಾಗಿ ಎಡವುವುದು ಕೊನೆಯ ಒಂದು ಗಂಟೆಯಲ್ಲಿ. ನಾನು ವಾಲಂಟಿಯರ್ ಆಗಿದ್ದ ಒಂದು ಓಟದಲ್ಲಿ ನನ್ನ ಜೊತೆಗಾರ ಎಂಟೂವರೆಗೆ "ಎಲ್ಲ ಹೋದ್ರು ಅನ್ಸತ್ತೆ" ಅಂತ ತಿಂಡಿಗೆ ಹೊರಟ. ನಾನೂ ಹೊರಟೆ. ಆಮೇಲೆ ಬಂದ ಇಬ್ಬರು ಹೆಂಗಸರು ಆ ಕವಲಿನಲ್ಲಿ ತಪ್ಪಿ ನಾಲ್ಕು ಕಿ.ಮೀ. ಆಚೆ ಹೋಗಿದ್ದರು. ಒಬ್ಬರಿಗೆ 60 ದಾಟಿತ್ತು. ಅವರು ಸಿಕ್ಕಾಗ ಹನ್ನೊಂದು ಗಂಟೆ. ಅವರು ಬೈಯಲೂ ಇಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಈಗ ನಾನು ಇಡುವ ನಿಯಮ ಒಂದೇ: ಸ್ವೀಪರ್ ನಿಮ್ಮ ಕವಲಿಗೆ ಬಂದು, ನಿಮ್ಮ ಕೈಯಿಂದ ಬಾವುಟ ತೆಗೆದುಕೊಂಡ ಮೇಲೆ ಮಾತ್ರ ನೀವು ಹೊರಡಬೇಕು. ಬಾವುಟ ಕೈಯಲ್ಲಿದ್ದರೆ ಕೆಲಸ ಮುಗಿದಿಲ್ಲ. ಗಡಿಯಾರ ನೋಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಫೋನಿನ ಸಿಗ್ನಲ್ ಇಲ್ಲದ ಗುಡ್ಡದಲ್ಲೂ ಇದು ನಡೆಯುತ್ತದೆ.

ದಾರಿ ಗುರುತಿಗೆ ರಿಬ್ಬನ್ನು ಕಟ್ಟುವುದಾದರೆ ಹಿಂದಿನ ಸಂಜೆಯೇ ಕಟ್ಟಿ ಮಲಗಬೇಡಿ. ದನ ತಿನ್ನುತ್ತದೆ, ಮಕ್ಕಳು ಆಟಕ್ಕೆ ಬಿಚ್ಚುತ್ತಾರೆ. ಓಟಕ್ಕೆ ಒಂದು ಗಂಟೆ ಮೊದಲು ಒಬ್ಬರು ಬೈಕಿನಲ್ಲೋ ಕಾಲ್ನಡಿಗೆಯಲ್ಲೋ ಹೋಗಿ ನೋಡಲೇಬೇಕು. ನೀರಿನ ಲೆಕ್ಕ: ಒಬ್ಬರಿಗೆ ಒಂದು ಕಡೆ 150 ಮಿ.ಲೀ., ನಾಲ್ಕು ಕಡೆ, 600 ಜನ. 360 ಲೀಟರು, ಅಂದರೆ 20 ಲೀಟರಿನ 18 ಕ್ಯಾನು. ತಲೆಗೆ ಸುರಿದುಕೊಳ್ಳುವವರು, ಮುಖ ತೊಳೆಯುವವರು ಇರುತ್ತಾರೆ. ಎರಡರಷ್ಟು ಇಡಿ. ಕೊನೆಯ ವಾಟರ್ ಪಾಯಿಂಟಿಗೆ ಮೀಸಲು ಬೇರೆ ಇರಲಿ.

ಪರವಾನಗಿಗೂ ನೀವೇ ಓಡಾಡುವುದು ಒಳ್ಳೆಯದು. ಪೊಲೀಸ್ ಠಾಣೆ, ಪಂಚಾಯ್ತಿ, ಕಾಡಿನ ದಾರಿಯಾದರೆ ವಲಯ ಅರಣ್ಯಾಧಿಕಾರಿ. ನಿಮ್ಮ ಮುಖ ಅಲ್ಲಿ ಗೊತ್ತಿದೆ, ವರ್ಷವಿಡೀ ನೀವು ಅಲ್ಲೇ ಇರುವವರು. ಮೈಕಿನ ವಿಷಯ ಅನೇಕರು ಮರೆಯುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಐದೂವರೆಗೆ ಹಾಡು ಹಾಕಿ ಕುಣಿಸುವ ಕಂಪನಿಯವರು ಮರುದಿನ ಹೊರಟುಹೋಗುತ್ತಾರೆ. ಬೈಸಿಕೊಳ್ಳುವವರು ನೀವು.

60ಕ್ಕೆ 15 ಜನ ಕಡಿಮೆ ಅಂದೆನಲ್ಲ. ನಿಮ್ಮವರಲ್ಲಿ ಅರ್ಧ ಜನ ಓಡಬೇಕು ಅಂದರೆ ಇನ್ನೂ 20ಕ್ಕೂ ಹೆಚ್ಚು ಕೈ ಬೇಕು. ಎರಡು ಕಡೆಯಿಂದ ತರಬಹುದು. ಒಂದು, ಕಾಲೇಜಿನ ಎನ್.ಎಸ್.ಎಸ್. ಘಟಕ. ಅವರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ನಿಮ್ಮ ಕೆಲಸ ಅದಕ್ಕೆ ಹೊಂದುತ್ತದಾ ಅಂತ ಅಲ್ಲಿನ ಅಧಿಕಾರಿಯನ್ನು ಕೇಳಿ. ಹೊಸ ಹುಡುಗರನ್ನು ವಾಟರ್ ಪಾಯಿಂಟಿಗೆ, ಪಾರ್ಕಿಂಗಿಗೆ ಹಾಕಿ. ಕವಲಿಗೆ ಹಾಕಬೇಡಿ. ಎರಡು, ಪಕ್ಕದ ಊರಿನ ಓಟದ ಗುಂಪು. ನಿಜವಾದ ಮುಯ್ಯಾಳು ಇದೇ. ನಿಮ್ಮ ಓಟಕ್ಕೆ ಅವರ 20 ಜನ ಬಂದು ಕವಲಿನಲ್ಲಿ ನಿಲ್ಲಲಿ, ಅವರ ಓಟಕ್ಕೆ ನಿಮ್ಮ 20 ಜನ ಹೋಗಲಿ. ಓಡುವವರಾದ್ದರಿಂದ ಓಟಗಾರರಿಗೆ ಏನು ಬೇಕು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಈ ಏರ್ಪಾಡು ಚೆನ್ನಾಗಿ ನಡೆದದ್ದನ್ನು ನೋಡಿದ್ದೇನೆ.

ಕಂಪನಿಯ ಜೊತೆ ಮಾತಾಡುವುದಾದರೆ

ಎಲ್ಲವನ್ನೂ ಕಂಪನಿಗೇ ಕೊಡುವುದು ಅಂತ ನಿಮ್ಮ ಸಭೆ ತೀರ್ಮಾನಿಸಬಹುದು. ಅದೂ ತಪ್ಪಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕಿ. 7.5 ಲಕ್ಷ ಅಂದರು. ಜಿಎಸ್‌ಟಿ ಸೇರಿದೆಯಾ? ಸೇರಿಲ್ಲದಿದ್ದರೆ ಶೇ. 18ರಂತೆ 8.85 ಲಕ್ಷ. 600 ಜನ ತಲಾ 1,500 ಕೊಟ್ಟರೆ 9 ಲಕ್ಷ. ಉಳಿಯುವುದು 15 ಸಾವಿರ. ಶುಲ್ಕ ಎರಡೂವರೆ ಪಟ್ಟು ಆದಾಗ 600 ಜನ ಬರುತ್ತಾರಾ? 400 ಜನ ಬಂದರೆ ಕೈಗೆ ಬರುವುದು 6 ಲಕ್ಷ. ಬಾಕಿ 2.85 ಲಕ್ಷ ಯಾರ ಜೇಬಿನಿಂದ? ನನ್ನ ಭಯ, ಕಾರ್ಯದರ್ಶಿಯ ಜೇಬಿನಿಂದ. ಗುಂಪು ನೋಂದಣಿ ಆಗಿಲ್ಲದಿದ್ದರೆ ಸಹಿ ಹಾಕಿದವರೇ ಸಾಲಗಾರರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿ ಸಂಘ ಮಾಡಿಕೊಳ್ಳಬಹುದು. ಕಂಪನಿ ಬರಲಿ ಬಿಡಲಿ, ಇದನ್ನು ಈ ತಿಂಗಳೇ ಶುರುಮಾಡಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ.

ಓಟಗಾರರ ದುಡ್ಡು ಆ ಖಾತೆಗೇ ಬರಬೇಕು, ಕಂಪನಿಯ ಖಾತೆಗಲ್ಲ. ಓಟದ ಹೆಸರು, ಓಟಗಾರರ ಫೋನ್ ನಂಬರಿನ ಪಟ್ಟಿ, ಫೇಸ್‌ಬುಕ್ ಪುಟ ನಿಮ್ಮದೇ ಅಂತ ಕರಾರಿನಲ್ಲಿ ಬರೆಸಿ. ಹಿರಿಯರು ಹೆದರುವ ಮಾರಾಟ ನಡೆಯುವುದು ಇಲ್ಲಿ. ಮೂರು ವರ್ಷ ಬಿಟ್ಟು ಅದೇ ಹೆಸರಿನಲ್ಲಿ ಅವರೇ ಓಟ ಮಾಡಿದರೆ ನೀವು ಏನೂ ಮಾಡಲಾಗದ ಸ್ಥಿತಿ ಬರಬಾರದು. ಮಳೆಯಿಂದಲೋ, ಇಲಾಖೆ ಬೇಡ ಅಂದದ್ದರಿಂದಲೋ ಓಟ ನಿಂತರೆ ದುಡ್ಡು ಯಾರಿಗೆ ಎಷ್ಟು ವಾಪಸ್, ಅದೂ ಬರೆಹದಲ್ಲಿರಲಿ. ಆ ದಿನ ಓಟ ನಿಲ್ಲಿಸುವ ಅಧಿಕಾರ ಯಾರದು? ಗಾನ್ಸುವಿನಲ್ಲಿ ಬೇಕಾಗಿದ್ದುದು ಅದೊಂದೇ ಮಾತು: ನಿಲ್ಲಿಸಿ. ಆ ಅಧಿಕಾರ ಗುಡ್ಡ ಗೊತ್ತಿರುವ ನಿಮ್ಮವರೊಬ್ಬರಿಗೆ ಮತ್ತು ಡಾಕ್ಟರಿಗೆ ಇರಬೇಕು. ಲಾಭ ನಷ್ಟ ನೋಡುವವರಿಗೆ ಇರಬಾರದು.

ಕೊನೆಗೆ, ಬರುವವರು ಯಾರು ಅಂತ ಕೇಳಿ. ಮಾತಾಡಲು ಬಂದ ಚುರುಕು ಮನುಷ್ಯ ಓಟದ ದಿನವೂ ಬರುತ್ತಾರಾ? ಹಿಂದೆ ಗುಡ್ಡದ ಓಟ ಮಾಡಿದ್ದಾರಾ, ಅಥವಾ ಬರೀ ಸಿಟಿ ರಸ್ತೆಯ ಓಟವಾ? ಅವರಿಂದ ಮಾಡಿಸಿಕೊಂಡ ಎರಡು ಗುಂಪಿನವರ ನಂಬರು ತೆಗೆದುಕೊಂಡು ನೀವೇ ಫೋನು ಮಾಡಿ. ಓಟಗಾರರಿಂದ "ನನ್ನ ಜವಾಬ್ದಾರಿ ನನ್ನದೇ" ಅಂತ ಸಹಿ ಹಾಕಿಸಿಕೊಂಡರೆ ಮುಗಿಯಿತು ಅಂತ ಅವರು ಹೇಳಿದರೆ ನಂಬಬೇಡಿ. ನಿಮ್ಮ ಅಜಾಗರೂಕತೆಯನ್ನು ಆ ಸಹಿ ಮುಚ್ಚುವುದಿಲ್ಲ. ಒಬ್ಬ ವಕೀಲರಿಗೆ ಆ ಕಾಗದ ತೋರಿಸಿ.

600 ಬೇಕೇ ಬೇಕಾ?

ಇದನ್ನು ನಿಮ್ಮ ಪತ್ರದಲ್ಲಿ ಯಾರೂ ಕೇಳಿಲ್ಲ, ಆದ್ದರಿಂದ ನಾನು ಕೇಳುತ್ತೇನೆ. 300ಕ್ಕೆ ನೋಂದಣಿ ನಿಲ್ಲಿಸಿದರೆ ಏನು ನಷ್ಟ? ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ 13 ಜನ ಓಡಿ ಶುರುವಾದ ಪಾರ್ಕ್‌ರನ್ ಇವತ್ತು ಹಲವು ದೇಶಗಳಲ್ಲಿ ವಾರವಾರವೂ ನಡೆಯುತ್ತದೆ. ಓಡಲು ಶುಲ್ಕವಿಲ್ಲ, ಮೈದಾನದ ಕೆಲಸವೆಲ್ಲ ವಾಲಂಟಿಯರುಗಳದ್ದು. ಒಂದೊಂದು ಜಾಗದ ಓಟ ಚಿಕ್ಕದು, ದೂರ ಬರೀ 5 ಕಿ.ಮೀ., ಕೆಲಸ ಯಾರು ಬೇಕಾದರೂ ಕಲಿಯುವಷ್ಟು ಸರಳ. ಅಲ್ಲೂ ಕೇಂದ್ರ ಕಚೇರಿಯಲ್ಲಿ ಸಂಬಳದವರು ಇದ್ದಾರೆ. ಇನ್ನೊಂದು ಕಡೆ ನ್ಯೂಯಾರ್ಕ್ ಮ್ಯಾರಥಾನು. 1970ರಲ್ಲಿ ಒಂದು ಪಾರ್ಕಿನೊಳಗೆ 127 ಜನ ಹೊರಟು 55 ಜನ ಮುಗಿಸಿದ ಓಟ ಅದು. ಈಗ 50 ಸಾವಿರ ಜನ ಓಡುತ್ತಾರೆ, ನಡೆಸಲು ಸಂಬಳದ ದೊಡ್ಡ ತಂಡ ಇದೆ. ಆದರೂ ಆ ದಿನ ಸುಮಾರು 10 ಸಾವಿರ ವಾಲಂಟಿಯರುಗಳು ಬೀದಿಯಲ್ಲಿ ನಿಲ್ಲುತ್ತಾರೆ. ಎಷ್ಟೇ ದೊಡ್ಡದಾದರೂ ಇಬ್ಬರೂ ಬೇಕು.

ನನ್ನ ಸಲಹೆ ಕೇಳಿದರೆ, ಈ ವರ್ಷ 350ಕ್ಕೆ ನಿಲ್ಲಿಸಿ. ಶುಲ್ಕ 900 ಇಡಿ, ಊರಿನವರಿಗೆ ಹಳೆಯ 600ನ್ನೇ ಉಳಿಸಿ. ಅರ್ಧ ಜನ ಊರಿನವರಾದರೂ 2.6 ಲಕ್ಷ ದಾಟುತ್ತದೆ. ಅದರಲ್ಲಿ ಮೊದಲು ವೈದ್ಯಕೀಯ ತಂಡಕ್ಕೆ ಎತ್ತಿಡಿ, ಆಮೇಲೆ ವಿಮೆ, ಆಮೇಲೆ ಟೈಮಿಂಗ್. ಟೀ ಶರ್ಟು, ಮೆಡಲ್ಲು ಉಳಿದದ್ದರಲ್ಲಿ. ಕಂಪನಿಯವರು ಟೈಮಿಂಗ್ ಒಂದನ್ನೇ ಮಾಡಿಕೊಡುವುದಾದರೆ ಅಷ್ಟಕ್ಕೆ ಮಾತ್ರ ದರ ಕೇಳಿ.

ಇನ್ನು ಆ ಹುಡುಗರು. ಅವರಿಗಾಗಿ ಓಟಕ್ಕೆ ಎರಡು ವಾರ ಮೊದಲು ಒಂದು ಭಾನುವಾರ ಬಿಡಿ. ಕೆಲಸಕ್ಕೆ ನಿಲ್ಲುವವರ ಓಟ ಅಂತಲೇ ಕರೆಯಿರಿ. ಅದೇ ದಾರಿ, ಅದೇ ಬಾಣದ ಗುರುತು, ಬಿಬ್ಬು, ಸಮಯ, ಕೊನೆಗೆ ಬಿಸಿ ತಿಂಡಿ. ಆ ದಿನ ಹಿರಿಯರು ಕವಲಿನಲ್ಲಿ ನಿಲ್ಲಲಿ, ನೀವು ಬಾಳೆಹಣ್ಣು ಹೊರಿ. ಎಲ್ಲಿ ದಾರಿ ತಪ್ಪುತ್ತದೆ, ಯಾವ ಮರದಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲಿ ಫೋನು ಸಿಗುವುದಿಲ್ಲ ಅನ್ನುವುದನ್ನೆಲ್ಲ ಅವರೇ ಓಡಿ ಬಂದು ನಿಮಗೆ ಹೇಳುತ್ತಾರೆ. ಪುಸ್ತಕ ಪೆನ್ನು ಹಿಡಿದುಕೊಂಡು ಫಿನಿಶ್ ಲೈನಿನಲ್ಲಿ ಕೂತಿರಿ.